ಗುರುವಾರದ ಗೋಡೆಗಳು

ಆ ಚಿತ್ರ ತುಂಬ ಚೆಂದವಿತ್ತು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಚೆಂದ ಕಂಡದ್ದನ್ನು ನಂಬದಿರುವುದು ನನ್ನ ಹುಟ್ಟುಗುಣವೆಂದು ಹೆಂಡತಿ ಹೇಳುತ್ತಾಳೆ. ಮಾವಿನ ಹಣ್ಣು ಎಲ್ಲ ಕಡೆ ಒಂದೇ ಹಳದಿಯಾಗಿದ್ದರೆ ಪುಡಿ ಹಾಕಿ ಮಾಗಿಸಿದ್ದು ಎನ್ನುತ್ತೇನೆ. ಹಾಲು ತೆಳ್ಳಗಿದ್ದರೆ ನೀರು ಬೆರೆಸಿದ್ದಾರೆ, ಗಟ್ಟಿಯಿದ್ದರೆ ಇನ್ನೇನೋ ಬೆರೆಸಿದ್ದಾರೆ. ಪಕ್ಕದ ಮನೆಯವರು ನಗುನಗುತ್ತ ಮಾತಾಡಿಸಿದ ದಿನ ಸಂಜೆಯವರೆಗೂ ನಮ್ಮ ನೀರಿನ ಟಾಕಿಯ ಮೇಲೆ ಕಣ್ಣಿಟ್ಟಿರುತ್ತೇನೆ. ಐವತ್ತರ ಅಂಚಿಗೆ ಬಂದಿದ್ದೇನೆ. ಇವುಗಳಲ್ಲಿ ಒಂದು ಅನುಮಾನವಾದರೂ ನಿಜವಾದ ನೆನಪಿಲ್ಲ. ಅದೂ ನನಗೆ ಅನುಮಾನದ ವಿಷಯವೇ. ಇಷ್ಟು ವರ್ಷ ಒಬ್ಬರೂ ನನಗೆ ಮೋಸ ಮಾಡಿಲ್ಲವೆಂದರೆ ಏನರ್ಥ?

ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಮನೆತನ ಚಾದರ ವ್ಯಾಪಾರದ್ದು. ಮಗ್ಗದವರು ಮಾಲು ತಂದಾಗ ನಮ್ಮ ಅಂಗಡಿಯಲ್ಲಿ ಮನೆಯವರೇ ಎರಡು ಪಾತ್ರ ಹಂಚಿಕೊಳ್ಳುತ್ತಿದ್ದರು. ಒಬ್ಬ ಹೊಗಳುವವ, ಇನ್ನೊಬ್ಬ ಖೋಡ ತೆಗೆಯುವವ. ಖೋಡ ಅಂದರೆ ಕುಂದು, ಐಬು. ಖೋಡ ತೆಗೆಯುವವನು ಚಾದರವನ್ನು ಬೆಳಕಿಗೆ ಹಿಡಿಯಬೇಕು, ಒಳಮೈ ತಿರುವಿ ನೋಡಬೇಕು, ಅಂಚನ್ನು ಉಗುರಿನಿಂದ ಕೆರೆಯಬೇಕು. ಏನೂ ಸಿಗದಿದ್ದರೆ ಮುಖವನ್ನಾದರೂ ಗಂಟು ಹಾಕಿಕೊಂಡು ಕೂರಬೇಕು. ಕೆಲಸ ಮುಗಿಯುವವರೆಗೆ ಮಾಲು ತಂದವನ ಜೊತೆ ಅವನು ಚಹಾ ಕುಡಿಯುವಂತಿಲ್ಲ. ಚಹಾ ಒಳಗೆ ಹೋದ ಮೇಲೆ ಖೋಡ ಕಾಣುವುದಿಲ್ಲ ಎಂಬುದು ನಮ್ಮ ಅಜ್ಜನ ಕಾಯಿದೆ. ಅಂಗಡಿ ಅಣ್ಣನ ಪಾಲಿಗೆ ಹೋಯಿತು. ಗಂಟುಮುಖ ನನ್ನ ಪಾಲಿಗೆ ಬಂತು.

ಇದನ್ನು ಒಮ್ಮೆ ಸ್ಟಾಫ್ ರೂಮಿನಲ್ಲಿ ನಗೆಗೆಂದು ಹೇಳಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಅದು ಬಹಳ ಹಿಡಿಸಿತು. ವಿಭಾಗದಿಂದ ಯಾವ ಪಿಎಚ್‌ಡಿ ಪ್ರಬಂಧ ಹೊರಗೆ ಹೋಗುವುದಿದ್ದರೂ ಮೊದಲು ನಮ್ಮಲ್ಲೇ ಒಬ್ಬರು ಅದನ್ನು ವೈರಿಯ ಹಾಗೆ ಓದಿ ಖೋಡ ತೆಗೆಯಬೇಕು ಎಂದು ಪದ್ಧತಿ ಹಾಕಿಬಿಟ್ಟರು. ಆ ಒಬ್ಬರು ಪ್ರತಿ ಸಲವೂ ನಾನೇ. ನಾನು “ಖೋಡ ಇಲ್ಲ” ಎಂದ ಮೇಲೆಯೇ ಮುಖ್ಯಸ್ಥರು ಸಹಿ ಹಾಕುವುದು. ಇದುವರೆಗೆ ನಾನು ತೆಗೆದ ಖೋಡಗಳೆಲ್ಲ ಅಲ್ಪವಿರಾಮದ ಜಾತಿಯವು.

ಈ ಸಲ ಬಂದದ್ದು ಅಕ್ಕಲಕೋಟದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ನಮ್ಮ ಕಿರಿಯ ಸಹೋದ್ಯೋಗಿಯ ಪ್ರಬಂಧ. ಆಕೆ ನಮ್ಮಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಮಾಡುವವರು. ಪಾಠ ಮಾಡಿದಷ್ಟೇ ತಾಸು ಮಾಸ್ತರಿಕೆ, ರಜೆ ಬಂದರೆ ಅದೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ವಿಭಾಗಕ್ಕೆ ಒಂದು ಕಾಯಂ ಜಾಗ ಮಂಜೂರಾಗಿತ್ತು. ಸಂದರ್ಶನ ಸಂಕ್ರಾಂತಿಯ ಹೊತ್ತಿಗೆ. ಅದರೊಳಗೆ ಪ್ರಬಂಧ ಸಲ್ಲಿಸಿರಬೇಕು ಎಂಬುದೊಂದೇ ಅಡ್ಡಿ. ಅದು ಸಲ್ಲಿಕೆಯಾದರೆ ಜಾಗ ಆಕೆಗೇ ಎಂದು ಎಲ್ಲರಿಗೂ ಗೊತ್ತಿತ್ತು. ಆಕೆಯ ಮಾರ್ಗದರ್ಶಕರು ನಮ್ಮ ಮುಖ್ಯಸ್ಥರೇ.

“ಸರ್, ಈ ಸಲ ಮಾರಿ ಜರಾ ಕಡಿಮಿ ಗಂಟು ಹಾಕ್ಕೋರಿ,” ಎಂದು ಅವರು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. “ಪೋರಿ ಭಾಳ ಕಷ್ಟಪಟ್ಟಾಳ.”

ವಿಷಯ ಏನೆಂದು ಒಂದಿಷ್ಟು ಹೇಳಬೇಕು. ಒಂದು ತಾಮ್ರದ ತಂತಿಯನ್ನು ಬಗ್ಗಿಸಿ ನೋಡಿ. ಮೊದಲ ಸಲ ಸಲೀಸಾಗಿ ಬಗ್ಗುತ್ತದೆ. ಅದೇ ಜಾಗದಲ್ಲಿ ಮತ್ತೆ ಬಗ್ಗಿಸಹೋದರೆ ಹಟ ಹಿಡಿಯುತ್ತದೆ. ಲೋಹವೂ ಸ್ಫಟಿಕವೇ, ಒಳಗೆ ಪರಮಾಣುಗಳು ಹಾಸು ಹೊಕ್ಕಿನ ಎಳೆಗಳಂತೆ ಸಾಲು ಹಿಡಿದು ಕೂತಿರುತ್ತವೆ. ಅಲ್ಲಲ್ಲಿ ಒಂದೊಂದು ಸಾಲು ನಡುವೆಯೇ ನಿಂತುಹೋಗಿರುತ್ತದೆ. ಹಾಗೆ ನಿಂತ ಜಾಗಕ್ಕೆ ಡಿಸ್‌ಲೊಕೇಶನ್ ಎನ್ನುತ್ತಾರೆ. ಲೋಹ ಬಗ್ಗುವಾಗ ಒಳಗೆ ಓಡಾಡುವುದು ಇವೇ. ಓಡಾಡುತ್ತ ಒಂದನ್ನೊಂದು ತಳ್ಳುತ್ತವೆ, ಎಳೆಯುತ್ತವೆ, ಸಿಕ್ಕಿಬೀಳುತ್ತವೆ. ಕಡೆಗೆ ಒತ್ತಾಗಿ ನಿಂತು ಗೋಡೆ ಕಟ್ಟಿ, ನಡುವೆ ಖಾಲಿ ಕೋಣೆಗಳನ್ನು ಬಿಡುತ್ತವೆ. ಬಲವಾದ ಸೂಕ್ಷ್ಮದರ್ಶಕದಲ್ಲಿ ಈ ಗೋಡೆ ಕೋಣೆಗಳು ಕಾಣುತ್ತವೆ. ಹೀಗೇಕೆ ಕಟ್ಟಿಕೊಳ್ಳುತ್ತವೆ ಎಂಬುದು ಮಾತ್ರ ಪೂರ್ತಿ ಬಗೆಹರಿದಿಲ್ಲ. ಆಕೆ ಕಂಪ್ಯೂಟರಿನೊಳಗೆ ಒಂದು ಚೌಕದಷ್ಟು ಲೋಹವನ್ನು ಕಲ್ಪಿಸಿ, ಅದರಲ್ಲಿ ಸಾವಿರಾರು ಡಿಸ್‌ಲೊಕೇಶನ್‌ಗಳನ್ನು ಕಾಳು ಚೆಲ್ಲಿದಂತೆ ಚೆಲ್ಲಿ, ಮೇಲೆ ಭಾರ ಹಾಕಿ, ಅವು ತಾವಾಗಿಯೇ ಗೋಡೆ ಕಟ್ಟುತ್ತವೆಯೇ ಎಂದು ನೋಡಿದ್ದರು.

ಕಟ್ಟಿದ್ದವು. ಎಂಥ ಗೋಡೆಗಳು! ನಾಲ್ಕನೆಯ ಅಧ್ಯಾಯದ ಆ ಚಿತ್ರದಲ್ಲಿ ಕೋಣೆಯ ಪಕ್ಕಕ್ಕೆ ಕೋಣೆ, ಎಲ್ಲ ಒಂದೇ ಅಳತೆ, ಹೊಸ ಬಡಾವಣೆಯ ನಕ್ಷೆಯಂತೆ. ನಾನು ಅದನ್ನೂ ಜೊತೆಗಿದ್ದ ಇನ್ನೆರಡು ಚಿತ್ರಗಳನ್ನೂ ಮನೆಗೊಯ್ದು ಊಟದ ಮೇಜಿನ ಮೇಲೆ ಹರಡಿ ಸ್ಕೇಲಿನಿಂದ ಅಳೆಯತೊಡಗಿದೆ.

“ಏನ್ರಿ, ಪರದೆ ಹೊಲಿಸಾವ್ರೇನು?” ಹೆಂಡತಿ ಕೇಳಿದಳು.

“ಭಾರ ಹೆಚ್ಚಾದಂಗ ಕ್ವಾಣಿ ಸಣ್ಣ ಆಗಬೇಕು. ಎಲ್ಲಾ ಲೋಹದಾಗೂ ಹಾಂಗ. ಇಲ್ಲಿ ನೋಡು, ಮೂರು ಚಿತ್ರ ಅವ, ಮೂರಕ್ಕೂ ಬ್ಯಾರೆ ಬ್ಯಾರೆ ಭಾರ. ಕ್ವಾಣಿ ಮಾತ್ರ ಅಷ್ಟಕ್ಕಷ್ಟ.”

“ಅಂದ್ರ?”

“ಅಂದ್ರ ಎಲ್ಲಿಂದರ ಎತ್ತಿ ಹಚ್ಚ್ಯಾಳೋ ಏನೋ.”

“ಸುರು ಆತು ನೋಡ್ರಿ,” ಎಂದು ಆಕೆ ನನ್ನ ಸ್ಕೇಲನ್ನು ಸರಿಸಿ ಚಪಾತಿಯ ಡಬ್ಬಿ ಇಟ್ಟಳು. “ಹೋದ ತಿಂಗಳ ನಮ್ಮ ಅಣ್ಣನ ಮ್ಯಾಲೆ ಸಂಶಯ ಪಟ್ರಿ. ಈ ತಿಂಗಳ ಆ ಪಾಪದ ಹುಡುಗಿ ಮ್ಯಾಲೆ.”

ಆದರೆ ಒಮ್ಮೆ ಹೊಕ್ಕ ಅನುಮಾನಕ್ಕೆ ಆಮೇಲೆ ಕಂಡದ್ದೆಲ್ಲ ಸಾಕ್ಷಿ. ಆಕೆ ಗುರುವಾರ ಕಾಲೇಜಿಗೆ ಬರುವುದಿಲ್ಲ. ಆ ದಿನ ಪಾಠವೇ ಇಟ್ಟುಕೊಂಡಿಲ್ಲ. ಹೊಸ ಫಲಿತಾಂಶವೇನಾದರೂ ಇದ್ದರೆ ತರುವುದು ಶುಕ್ರವಾರ ಬೆಳಿಗ್ಗೆ. ಎಷ್ಟೋ ಶುಕ್ರವಾರ ಆಕೆ ಮುಖ್ಯಸ್ಥರಿಗೆ ಚಿತ್ರ ತೋರಿಸುವುದನ್ನು ನಾನೇ ನೋಡಿದ್ದೆ. ಬುಧವಾರ ಇಲ್ಲದ್ದು ಶುಕ್ರವಾರ ಎಲ್ಲಿಂದ ಬರುತ್ತದೆ? ಅಕ್ಕಲಕೋಟದಲ್ಲಿ ಯಾರೋ ಇದ್ದಾರೆ, ಅವರು ಮಾಡಿಕೊಡುತ್ತಾರೆ. ಇಂಥ ಕೆಲಸ ಬಲ್ಲ ಇನ್ನೊಬ್ಬರು ಅಕ್ಕಲಕೋಟದಲ್ಲಿ ಯಾಕಿದ್ದಾರು ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಆ ಮನುಷ್ಯನ ಮೇಲೂ ಅನುಮಾನಪಡುತ್ತಿದ್ದೆ.

ಅಕ್ಕಲಕೋಟ ನನ್ನ ಹೆಂಡತಿಯ ತವರು. ಅಲ್ಲಿನ ಸ್ವಾಮಿಗಳ ಗುಡಿಯಲ್ಲಿ ಗುರುವಾರ ದರ್ಶನದ ವಾರ. ಆಕೆ ತಿಂಗಳಿಗೊಮ್ಮೆ ಹೋಗುತ್ತಾಳೆ, ನಾನು ಕಾಲೇಜಿನ ನೆವ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಆ ಗುರುವಾರ ನಾನಾಗಿಯೇ ರಜೆ ಹಾಕಿ ಬರುತ್ತೇನೆಂದಾಗ ಈ ಸಲ ಅನುಮಾನದಿಂದ ನೋಡಿದವಳು ಆಕೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಕೆ ಗುಡಿಯ ಸಾಲಿನತ್ತ ಹೋದಳು. ನಾನು ಕೇಳಿಕೊಳ್ಳುತ್ತ ಸಹೋದ್ಯೋಗಿಯ ಮನೆ ಹುಡುಕಿದೆ. ಗುಡಿಯ ಹಿಂದಿನ ಓಣಿಯಲ್ಲಿತ್ತು.

ಬಾಗಿಲು ತೆರೆದವರು ಆಕೆಯ ತಾಯಿ. ಕಾಲೇಜಿನಿಂದ ಬಂದೆನೆಂದೆ.

“ನೀವ ಏನ್ರಿ ಆ ಖೋಡ ತಗಿಯೋ ಸರ?”

“ಹೌದ್ರಿ.”

“ಬರ್ರಿ, ಬರ್ರಿ. ನಮ್ಮ ಮನ್ಯಾಗ ಖೋಡ ಭಾಳ ಅವ. ಎಲ್ಲಿಂದ ಸುರು ಮಾಡ್ತೀರಿ?”

ಮುಂದಿನ ಕೋಣೆಯಲ್ಲಿ, ಒಂದು ಬದಿಯಲ್ಲಿ ಜೋಳದ ಚೀಲ, ಇನ್ನೊಂದು ಬದಿಯಲ್ಲಿ ಮಡಚಿಟ್ಟ ಹಾಸಿಗೆ, ನಡುವೆ ಮೇಜಿನ ಮೇಲೆ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಅದಕ್ಕೆ ಗಾಳಿ ಬಡಿಯಲೆಂದು ಟೇಬಲ್ ಫ್ಯಾನನ್ನು ಅದರತ್ತಲೇ ತಿರುಗಿಸಿಟ್ಟಿದ್ದರು. ಮನುಷ್ಯರು ಸೆಕೆಯಲ್ಲಿ ಕೂತಿದ್ದರು. ತೆರೆಯ ಮೇಲೆ ಚುಕ್ಕಿಗಳು ಒಂದೊಂದೇ ಹೆಜ್ಜೆ ಸರಿಯುತ್ತಿದ್ದವು. ನನ್ನ ಸಹೋದ್ಯೋಗಿ ಒಂದು ಕಣ್ಣು ಅದರ ಮೇಲಿಟ್ಟು ಹಸಿ ಕಡಲೆ ಬಿಡಿಸುತ್ತಿದ್ದವರು ಗಡಬಡಿಸಿ ಎದ್ದರು. ಯಾರೋ ಮಾಡಿಕೊಡುತ್ತಾರೆಂಬ ನನ್ನ ಅನುಮಾನ ಅಲ್ಲೇ ಹೊಸ್ತಿಲಲ್ಲಿ ಸತ್ತಿತು. ಎಂದಿನಂತೆ.

ತಾಯಿ ಚಹಾ ತಂದರು. ನಾನು ಕೈ ಅಡ್ಡ ಹಿಡಿದೆ. “ಬ್ಯಾಡ್ರಿ. ಕೆಲಸ ಮುಗಿಯೋತನಾ ಕುಡಿಯಂಗಿಲ್ಲ. ನಮ್ಮ ಮನಿ ಪದ್ಧತಿ.”

“ವಿಷಾ ಹಾಕಿಲ್ರಿ. ಸಕ್ರಿ ಹಾಕೀನಿ.”

“ಅವ್ವಾ!” ಎಂದು ಮಗಳು ಗದರಿದರು. ಆದರೆ ನಗು ತಡೆದುಕೊಳ್ಳುತ್ತಿದ್ದದ್ದು ನನಗೆ ಕಾಣಿಸಿತು. ಕಪ್ಪು ಮೇಜಿನ ಮೇಲೆ ಆರುತ್ತ ಕೂತಿತು.

“ಮ್ಯಾಡಮ್, ಗುರುವಾರನ ಯಾಕ?” ನಾನು ನೇರವಾಗಿ ಕೇಳಿದೆ.

“ಕರೆಂಟ್ ಸರ್. ನಮ್ಮ ಓಣ್ಯಾಗ ದಿನಾ ಹೋಗತದ, ಯಾವಾಗ ಹೋಗತದ ಯಾರಿಗೂ ಗೊತ್ತಿಲ್ಲ. ಗುರುವಾರ ಮಾತ್ರ, ಹಿಂದಿನ ಸಂಜಿಂದ ಮರುದಿನ ಮುಂಜಾನಿತನಾ, ಹೋಗಂಗಿಲ್ಲ. ದರ್ಶನಕ್ಕ ಇಷ್ಟು ಮಂದಿ ಬರ್ತಾರ, ಕತ್ತಲಿ ಮಾಡಿದ್ರ ನಡೀತದೇನ್ರಿ? ಬುಧವಾರ ಮನಿಗಿ ಬಂದ ಕೂಡ್ಲೆ ಚಾಲೂ ಮಾಡ್ತೀನಿ. ಶುಕ್ರವಾರ ಮುಂಜಾನಿ ಬಸ್ಸಿಗೆ ಹೋಗೋದ್ರಾಗ ಮುಗೀತದ.”

“ಕಾಲೇಜಿನ ಮಶೀನ್ ಅದಲ್ಲ?”

“ಅದರಾಗ ವರ್ಷಪೂರ್ತಿ ಆಫೀಸಿನ ಕೆಲಸ ನಡೀತದ ಸರ್. ನೀವ ಹೇಳ್ರಿ, ನಿಮಗರ ಎಂದರ ಸಿಕ್ಕದೇನು?”

ಸಿಕ್ಕಿರಲಿಲ್ಲ. ಆಮೇಲೆ ಆಕೆ ತನ್ನ ಪ್ರೋಗ್ರಾಮನ್ನು ಒಂದೊಂದು ತುಂಡಾಗಿ ತೋರಿಸಿದರು. ಹೊಟ್ಟೆಯಲ್ಲಿ ಏನೂ ಮುಚ್ಚಿಟ್ಟುಕೊಳ್ಳದವರ ತೋರಿಸುವಿಕೆ ಅದು. ಒಂದು ಕಡೆ ನಿಂತು ನಾನು ಕೇಳಿದೆ, ಇದೇನು ಅಂಕಿ ಎಂದು.

“ಅದು ದೂರದ ಮಿತಿ ಸರ್. ಪ್ರತಿಯೊಂದೂ ಪ್ರತಿಯೊಂದನ್ನ ತಳ್ಳತದ, ಎಲ್ಲಾ ಲೆಕ್ಕ ಹಿಡಿದ್ರ ಈ ಮಶೀನಿನ ಕೈಲೆ ಆಗಂಗಿಲ್ಲ. ಅದಕ್ಕ ಇಷ್ಟು ದೂರದಾಗ ಇದ್ದವು ಮಾತ್ರ,” ಎಂದು ಆಕೆ ಹೆಬ್ಬೆರಳು ತೋರುಬೆರಳುಗಳನ್ನು ಅಗಲಿಸಿ ತೆರೆಗೆ ಹಿಡಿದರು. “ಅದರಾಚೆಗಿಂದು ಬಿಟ್ಟೀನಿ. ಅಲ್ಲಿಂದ ಬರೋ ಜೋರು ಕಡಿಮಿ ಇರತದ.”

“ಇಷ್ಟ ಯಾಕ? ಇನ್ನೂ ದೂರ ಯಾಕ ಹಿಡಿಲಿಲ್ಲ?”

“ಹಿಡಿದ್ರ ಶನಿವಾರ ಆಗತದ್ರಿ,” ಎಂದು ಆಕೆ ಸಹಜವಾಗಿ ಹೇಳಿದರು.

ನಾನೂ ಸಹಜವಾಗಿಯೇ ತಲೆಯಾಡಿಸಿ ಹೊರಬಿದ್ದೆ. ಗುಡಿಯ ಹತ್ತಿರ ಹೆಂಡತಿ ಸಿಕ್ಕಳು. “ಏನು, ಹಿಡಿದ್ರೇನು ಕಳ್ಳರ್ನ?” ಎಂದಳು. ಇಲ್ಲ, ಎಲ್ಲ ಆಕೆಯೇ ಮಾಡುತ್ತಾಳೆ ಎಂದೆ. “ಮತ್ತ ಖೋಡ ಇಲ್ಲ ಅಂತ ಹೇಳಿ ಕೊಟ್ಟುಬಿಡ್ರಿ. ಆ ಪೋರಿಗಿ ನೌಕರಿ ಆಗಲಿ.” ಹಾಗೇ ಮಾಡುತ್ತೇನೆಂದೆ. ಮನಸ್ಸು ಹಗುರಾಗಿತ್ತು. ಮನಸ್ಸು ಹಗುರಾದರೆ ನನಗೆ ಕಳವಳವಾಗುತ್ತದೆ.

ಸೊಲ್ಲಾಪುರಕ್ಕೆ ಮರಳುವ ದಾರಿಯಲ್ಲಿ ವಳಸಂಗ ಊರು ದಾಟಿದ ಮೇಲೆ, ಬಸ್ಸು ಒಂದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳುತ್ತಿದ್ದಾಗ, ನಾನು ಸುಮ್ಮನೆ ಹೆಬ್ಬೆರಳು ತೋರುಬೆರಳು ಅಗಲಿಸಿ ನೋಡಿಕೊಂಡೆ. ಆಕೆ ತೆರೆಗೆ ಹಿಡಿದು ತೋರಿಸಿದ ಅಗಲ. ತೆರೆಯ ಅಗಲಕ್ಕೆ ಅದು ಎಷ್ಟು ಸಲ ಹಿಡಿಯುತ್ತಿತ್ತು? ನಾನು ಮೇಜಿನ ಮೇಲೆ ಸ್ಕೇಲಿನಿಂದ ಅಳೆದಿದ್ದ ಕೋಣೆ ಚಿತ್ರದ ಅಗಲಕ್ಕೆ ಎಷ್ಟು ಸಲ ಹಿಡಿಯುತ್ತಿತ್ತು? ಎರಡೂ ಅಷ್ಟಕ್ಕಷ್ಟೇ.

ಕೋಣೆಗಳ ಅಳತೆ ಲೋಹದ್ದಲ್ಲ. ಅದು ಆಕೆ ಇಟ್ಟ ಮಿತಿಯ ಅಳತೆ. ಡಿಸ್‌ಲೊಕೇಶನ್‌ಗಳ ತಳ್ಳಾಟ ದೂರ ಹೋದಂತೆ ಕಡಿಮೆಯಾಗುತ್ತದೆ ನಿಜ, ಆದರೆ ಬಹಳ ನಿಧಾನವಾಗಿ ಕಡಿಮೆಯಾಗುತ್ತದೆ. ದೂರದವು ಒಂದೊಂದೂ ಬಡಪಾಯಿ, ಆದರೆ ಸಂಖ್ಯೆಯಲ್ಲಿ ಹೆಚ್ಚು. ಇಲ್ಲಿಂದಾಚೆ ಯಾರೂ ಇಲ್ಲ ಎಂದು ನಾವೇ ಗೆರೆ ಎಳೆದರೆ, ಅವು ಆ ಗೆರೆಯನ್ನೇ ನಿಜವೆಂದು ನಂಬಿ ಅದರ ಅಳತೆಗೆ ಮನೆ ಕಟ್ಟಿಕೊಳ್ಳುತ್ತವೆ. ಭಾರ ಎಷ್ಟು ಹಾಕಿದರೂ ಗೆರೆ ಅಲ್ಲೇ ಇರುತ್ತದೆ. ಅದಕ್ಕೇ ಮೂರು ಚಿತ್ರದಲ್ಲೂ ಕೋಣೆ ಅಷ್ಟಕ್ಕಷ್ಟೇ. ಗೆರೆ ಅಲ್ಲಿ ಬಿದ್ದದ್ದು ಯಾಕೆ? ಶುಕ್ರವಾರದ ಬಸ್ಸಿಗೆ ಮೊದಲು ಲೆಕ್ಕ ಮುಗಿಯಬೇಕಲ್ಲ, ಅದಕ್ಕೆ. ಗುಡಿಗೆ ಜನ ಬರುವ ಗುರುವಾರದ ಉದ್ದ ಎಷ್ಟೋ, ತಾಮ್ರದೊಳಗಿನ ಕೋಣೆಯ ಅಗಲ ಅಷ್ಟು.

ನಗು ಬಂತು. ಕೂಡಲೇ ಆಕೆಯ ಸಂದರ್ಶನ ನೆನಪಾಗಿ ನಿಂತಿತು.

ನನಗೆ ಎರಡು ಚಿಂತೆ. ಇದು ನಿಜವಿದ್ದರೆ ಆಕೆಯ ಜಾಗ ಹೋಗುತ್ತದೆ. ಇದೂ ನನ್ನ ಹಾಲು, ಮಾವಿನ ಹಣ್ಣಿನ ಜಾತಿಯದೇ ಆಗಿದ್ದರೆ, ಒಂದು ಸುಳ್ಳು ಅನುಮಾನಕ್ಕೆ ಆಕೆಯ ಜಾಗ ಹೋಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದೂ ತಿಳಿಯದೆ ಮೊದಲು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಹೋ ಸರ್, ಜಾವೂ ದ್ಯಾ ನಾ.” ಬಿಟ್ಟುಬಿಡಿ ಎಂಬ ಮಾತನ್ನು ಅವರು ಯಾವಾಗಲೂ ಮರಾಠಿಯಲ್ಲೇ ಹೇಳುವುದು, ಕನ್ನಡದಲ್ಲಿ ಹೇಳಿದರೆ ತಪ್ಪು ತಮ್ಮ ಮೇಲೆ ಬರುತ್ತದೆಂಬಂತೆ. “ಪರೀಕ್ಷಕರು ಚಿತ್ರ ನೋಡ್ತಾರ, ಖುಷಿ ಆಗ್ತಾರ. ಅಂಕಿ ಯಾರು ನೋಡ್ತಾರ? ಅಡಿಟಿಪ್ಪಣ್ಯಾಗ ಒಂದು ಮಾತು ಹಾಕಿಬಿಡೂಣು.”

“ನಾ ನೋಡೀನಲ್ರಿ.”

“ನೀವು ನಿಮ್ಮ ಸ್ವಂತ ಲಗ್ನದ ಫೋಟೋನೂ ತಿರುವಿ ನೋಡೋ ಮಂದಿ. ನಿಮ್ಮದು ಬಿಡ್ರಿ.”

ಅವರು ಕೆಟ್ಟವರಲ್ಲ. ಆಕೆಗೆ ಆ ಜಾಗ ಸಿಗಲೆಂದು ನಮ್ಮೆಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ. ಅದೇ ನನ್ನನ್ನು ಇನ್ನಷ್ಟು ಕಟ್ಟಿಹಾಕಿತು. ನಾನು “ಖೋಡ ಇಲ್ಲ” ಎಂದರೆ ಎಲ್ಲರೂ ಸುಖಿ, ಲೋಹ ಒಂದನ್ನು ಬಿಟ್ಟು. ಲೋಹಕ್ಕೆ ಬಾಯಿಲ್ಲ.

ಮಂಗಳವಾರ ಪ್ರಯೋಗಶಾಲೆಯಲ್ಲಿ ಆಕೆಯೊಬ್ಬರೇ ಇದ್ದಾಗ ಹೇಳಿದೆ. ಆಕೆ ಕೈಲಿದ್ದ ಮೀಟರನ್ನು ಮೇಜಿನ ಮೇಲಿಟ್ಟರು.

“ಸರ್, ನಿಮಗ ಹಾಲಿನ ಮ್ಯಾಲೂ ಸಂಶಯ ಅದ ಅಂತ ಇಡೀ ಕಾಲೇಜಿಗಿ ಗೊತ್ತದ. ನನ್ನ ಗ್ವಾಡಿ ಮ್ಯಾಲೆ ಬಂದದ್ದೇನು ಹೊಸಾದು?”

“ಹಾಂಗಲ್ರಿ...”

“ಮೊದಲ ನಾ ಎಲ್ಲಿಂದರ ಎತ್ತಿ ಹಚ್ಚೀನಿ ಅಂತ ಅನ್ಕೊಂಡಿದ್ರಿ. ಹೌದಿಲ್ಲೋ? ಅವತ್ತ ಮನಿಗಿ ಬಂದಾಗ ನಿಮ್ಮ ಮಾರಿ ನೋಡೇ ತಿಳಕೊಂಡೆ. ನೀವು ಕಾಯಂ ಇದ್ದೀರಿ ಸರ್. ಕುಂತು ಸಂಶಯ ಮಾಡಾಕ ನಿಮಗ ಪುರಸೊತ್ತದ. ನನಗ ಗುರುವಾರ ಬಿಟ್ರ ಏನೂ ಇಲ್ಲ.”

ನಾನು ಹೇಳಿದ್ದಿಷ್ಟೇ: ಮಿತಿಯನ್ನು ಹೆಚ್ಚಿಸುವುದು ಬೇಡ, ಅರ್ಧಕ್ಕೆ ಇಳಿಸಿ ನೋಡಿ. ಲೆಕ್ಕ ಕಡಿಮೆಯಾಗುತ್ತದೆ, ಗುರುವಾರ ಮಧ್ಯಾಹ್ನದೊಳಗೇ ಮುಗಿಯುತ್ತದೆ. ಕೋಣೆಗಳು ಇದ್ದ ಹಾಗೇ ಇದ್ದರೆ ನಾನು ಹುಚ್ಚ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹಾಗೆಂದು ಹೇಳುತ್ತೇನೆ.

“ಅದನ್ನ ಹೇಳಾಕ ಏನು ಬೇಕಾಗಿಲ್ಲ. ಎಲ್ಲಾರಿಗೂ ಗೊತ್ತದ,” ಎಂದು ಆಕೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದರು.

ಆ ಗುರುವಾರ ನಾನು ಪಾಠ ಮಾಡಿದ್ದು ಏನೆಂದು ನೆನಪಿಲ್ಲ. ನನ್ನ ಅನುಮಾನ ಸುಳ್ಳಾಗಲೆಂದು ಜೀವಮಾನದಲ್ಲಿ ಮೊದಲ ಸಲ ಹಾರೈಸಿದೆ. ಇದುವರೆಗಿನ ಅನುಮಾನಗಳೆಲ್ಲ ಸುಳ್ಳಾಗಿಯೇ ಮನೆಗೆ ಬಂದಿವೆ, ಇದೊಂದು ಯಾಕೆ ಬರಬಾರದು ಎಂದು ಸಮಾಧಾನ ಹೇಳಿಕೊಂಡೆ. ಸಂಜೆ ಫೋನು ಮಾಡಲೆಂದು ಕೈಗೆತ್ತಿಕೊಂಡು, ಆಕೆ ಎತ್ತದಿದ್ದರೆ ಏನರ್ಥ, ಎತ್ತಿದರೆ ಏನರ್ಥ ಎಂದು ಎಣಿಸಿ ಮತ್ತೆ ಕೆಳಗಿಟ್ಟೆ.

ಶುಕ್ರವಾರ ಬೆಳಿಗ್ಗೆ ಆಕೆ ಮುಖ್ಯಸ್ಥರ ಕೋಣೆಗೆ ಹೋಗಲಿಲ್ಲ. ನನ್ನ ಮೇಜಿಗೆ ಬಂದು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಹಳೆಯ ಚಿತ್ರ. ಇನ್ನೊಂದರಲ್ಲೂ ಕೋಣೆಗಳಿದ್ದವು, ಅಷ್ಟೇ ಚೆಂದ, ಅಷ್ಟೇ ಸಮ. ಸಣ್ಣವು.

“ಅರ್ಧಾ ಆದೂ,” ಎಂದರು.

“ಒಮ್ಮೊಮ್ಮೆ ಹಂಗ ಆಕಸ್ಮಾತ್...”

“ಇಲ್ಲ ಸರ್. ನಿನ್ನಿ ಮಧ್ಯಾಹ್ನ ಮಿತಿಗೆ ಮತ್ತೊಂದು ಅಳತಿ ಇಟ್ಟು ನೋಡಿದೆ. ಕ್ವಾಣಿ ಅದರ ಅಳತಿಗೇ ಬಂದೂ.”

ನಾನು ಗೆದ್ದಿದ್ದೆ. ಗೆದ್ದವರಿಗೆ ಹೇಗಿರುತ್ತದೋ ನನಗೆ ಅಭ್ಯಾಸವಿರಲಿಲ್ಲ. ಹಾಗಾಗಿ ನಾನು ಮಾಡಿದ್ದೇನೆಂದರೆ, ಅಷ್ಟು ದಿನ ಆ ಚಿತ್ರವನ್ನು ಕೆದಕಿದ ನಾನೇ, ಈಗ ಅದನ್ನು ಸಲ್ಲಿಸಿಬಿಡಿ ಎಂದು ಆಕೆಗೆ ದುಂಬಾಲು ಬಿದ್ದೆ. ಮುಖ್ಯಸ್ಥರು ಹೇಳಿದಂತೆ ಅಡಿಟಿಪ್ಪಣಿ ಹಾಕಿ. ಜಾಗ ಸಿಗಲಿ. ಲೆಕ್ಕವನ್ನು ಆಮೇಲೆ ಸರಿಮಾಡಿದರಾಯಿತು. ಇಂಥ ಜಾಗ ಮತ್ತೆ ಯಾವಾಗ ಬರುತ್ತದೋ.

ಆಕೆ ಎರಡೂ ಹಾಳೆಗಳನ್ನು ಮಡಚಿ ಚೀಲಕ್ಕಿಟ್ಟರು.

“ಸಂದರ್ಶನದಾಗ ಯಾರರ ಕೇಳಿದ್ರ ಸರ್? ಕ್ವಾಣಿ ಯಾಕ ಇಷ್ಟ ಅಗಲ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಗುರುವಾರ ಇತ್ತು ಅಂತ ಹೇಳ್ಲೇನು?”

“ಯಾರೂ ಕೇಳಂಗಿಲ್ರಿ.”

“ನೀವು ಕೇಳಿದ್ರಿ.”

ಮುಖ್ಯಸ್ಥರಿಗೆ ಆಕೆಯೇ ಹೋಗಿ ಹೇಳಿದರು. ಒಳಗಿನ ಮಾತು ಹೊರಗ್ಯಾರಿಗೂ ಕೇಳಲಿಲ್ಲ, ಮುಖ್ಯಸ್ಥರ ದನಿ ಏರಿದ್ದು ಮಾತ್ರ ಕೇಳಿಸಿತು. ಆ ದಿನದಿಂದ ಎಷ್ಟೋ ಕಾಲ ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ, ಎಲ್ಲ ಮರಾಠಿ. ಪ್ರಬಂಧ ಸಲ್ಲಿಕೆಯಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಂದರ್ಶನ ಮುಗಿದು, ಆ ಜಾಗಕ್ಕೆ ಬೇರೆ ಊರಿನ ಒಬ್ಬರು ಬಂದರು. ಒಳ್ಳೆಯವರು, ಚೆನ್ನಾಗಿ ಪಾಠ ಮಾಡುತ್ತಾರೆ. ಅವರ ಮೇಲೆ ಒಂದಾದರೂ ಅನುಮಾನ ಹುಟ್ಟಲೆಂದು ನಾನು ಪ್ರಯತ್ನಪಟ್ಟೆ, ಹುಟ್ಟಲಿಲ್ಲ.

ಆಕೆಯ ತಾಯಿ ಒಮ್ಮೆ ಗುಡಿಯ ಹತ್ತಿರ ನನ್ನ ಹೆಂಡತಿಗೂ ನನಗೂ ಎದುರಾದರು. ನಾನು ಏನೋ ತೊದಲಿದೆ.

“ನಿಮ್ಮಿಂದ ಹೋತು ಅಂತ ನಾ ಅನ್ನಂಗಿಲ್ರಿ,” ಎಂದರು ಅವರು. “ನಿಮ್ಮಿಂದ ಹೋಗಿಲ್ಲ ಅಂತನೂ ಅನ್ನಂಗಿಲ್ಲ.”

ದಾರಿಯಲ್ಲಿ ಹೆಂಡತಿ ಹೇಳಿದಳು. “ನಮ್ಮ ಮನ್ಯಾಗ ಇನ್ವರ್ಟರ್ ಅದಲ್ಲ. ಆ ಮಶೀನ್ ತಂದು ಇಡಾಕ ಹೇಳ್ರಿ.”

ಹಾಗೆ ಬೇಸಿಗೆಯುದ್ದಕ್ಕೂ ಆಕೆಯ ಕಂಪ್ಯೂಟರ್ ಸೊಲ್ಲಾಪುರದ ನಮ್ಮ ಪಡಸಾಲೆಯಲ್ಲಿತ್ತು. ಆಕೆ ಪ್ರೋಗ್ರಾಮನ್ನೇ ಹೊಸದಾಗಿ ಬರೆದರು. ದೂರದ ಡಿಸ್‌ಲೊಕೇಶನ್‌ಗಳನ್ನು ಬಿಟ್ಟುಬಿಡುವ ಬದಲು, ಗುಂಪುಗುಂಪಾಗಿ ಸೇರಿಸಿ ಒಟ್ಟಿಗೆ ಲೆಕ್ಕ ಹಿಡಿಯುವ ಹಾಗೆ. ಯಾರನ್ನೂ ಗೆರೆಯಾಚೆ ನೂಕಿರಲಿಲ್ಲ. ಒಂದೊಂದು ಓಟಕ್ಕೂ ವಾರಗಟ್ಟಲೆ ಬೇಕಾಗುತ್ತಿತ್ತು. ನಮ್ಮೂರಿನ ಬಿಸಿಲಿಗೆ ಮಶೀನು ಎರಡು ಸಲ ಸುಸ್ತಾಗಿ ನಿಂತಿತು. ಹೆಂಡತಿ ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಕಟ್ಟಿ, ಟಿವಿ ಬಂದ್ ಮಾಡಿ, ಬಂದವರಿಗೆಲ್ಲ “ಅದರ ಹಂತ್ಯಾಕ ಹೋಗಬ್ಯಾಡ್ರಿ, ಒಳಗ ತಾಮ್ರ ಬಗ್ಗಾಕತ್ತದ” ಎಂದು ಎಚ್ಚರಿಕೆ ಕೊಡುತ್ತಿದ್ದಳು. ಕೆಲಸದವಳು ಅದಕ್ಕೆ ಬೆನ್ನು ಹಾಕದೆ ಕಸ ಹೊಡೆಯುವುದನ್ನು ಕಲಿತಳು. ಅವಳು ಅದರ ಮೇಲೆ ನೀರು ಚೆಲ್ಲುತ್ತಾಳೆಂದು ಅನುಮಾನಪಟ್ಟಿದ್ದೆ. ಚೆಲ್ಲಿದವನು ನಾನೇ, ಅದೃಷ್ಟಕ್ಕೆ ನೆಲದ ಮೇಲೆ.

ಮೊದಲ ಮಳೆ ಬಿದ್ದ ವಾರ ಆಕೆ ಹೊಸ ನಾಲ್ಕನೆಯ ಅಧ್ಯಾಯ ತಂದು ಮುಖ್ಯಸ್ಥರಿಗೆ ಕೊಟ್ಟರು. ಮುಖ್ಯಸ್ಥರು ಅದನ್ನು ತೆರೆಯದೆಯೇ ನನ್ನ ಮೇಜಿನ ಮೇಲೆ ತಂದಿಟ್ಟರು. “ತಗೋರಿ. ತಗೀರಿ ನಿಮ್ಮ ಖೋಡ,” ಎಂದರು, ಕನ್ನಡದಲ್ಲಿ.

ಈ ಚಿತ್ರ ಚೆಂದವಿರಲಿಲ್ಲ. ಗೋಡೆಗಳು ತೆಳ್ಳಗೆ, ಕೆಲವು ನಡುದಾರಿಯಲ್ಲೇ ಮುಗಿದುಹೋಗಿದ್ದವು. ಕೋಣೆಗಳಲ್ಲಿ ಒಂದು ದೊಡ್ಡದು, ಒಂದು ಸಣ್ಣದು, ಒಂದಕ್ಕೆ ಒಂದು ಬದಿ ಗೋಡೆಯೇ ಇಲ್ಲ. ಮೊದಲಿನ ಬಡಾವಣೆ ಹೋಗಿ ಹಳೇ ಪೇಟೆಯ ಓಣಿಗಳಂತಾಗಿತ್ತು. ಭಾರ ಹೆಚ್ಚಿಸಿದ ಕಡೆ ಕೋಣೆಗಳು ಒಟ್ಟಿನಲ್ಲಿ ಸಣ್ಣದಾಗಿದ್ದವು. ಎಲ್ಲ ಕಡೆಯೂ ಅಲ್ಲ, ಮತ್ತು ಆಗದ ಕಡೆ ಆಗಿಲ್ಲವೆಂದೇ ಆಕೆ ಬರೆದಿದ್ದರು. ಹಳೆಯ ಚೆಂದದ ಚಿತ್ರವನ್ನೂ ಒಂದು ಮೂಲೆಯಲ್ಲಿ ಇಟ್ಟು, ಮಿತಿ ಹಾಕಿದರೆ ಹೀಗೆ ಸುಳ್ಳು ಗೋಡೆಗಳು ಏಳುತ್ತವೆ ಎಂದು ಕೆಳಗೆ ಬರೆದಿದ್ದರು. ಯಾಕೆ ಅಷ್ಟು ಮಿತಿ ಹಾಕಿದೆವೆಂಬುದಕ್ಕೆ “ಗಣನೆಯ ಅವಧಿಯ ಕಾರಣದಿಂದ” ಎಂದಿತ್ತು. ಗುರುವಾರದ ಹೆಸರಿರಲಿಲ್ಲ.

ನಾನು ಅಳೆದೆ. ತಿರುವಿ ನೋಡಿದೆ. ಚೌಕದ ಒಟ್ಟು ಅಗಲಕ್ಕೂ ಕೋಣೆಗೂ ಏನಾದರೂ ಒಳಸಂಬಂಧವಿದೆಯೇ ಎಂದು ಹುಡುಕಿದೆ, ಯಾಕೆಂದರೆ ಚೌಕವೂ ನಾವೇ ಎಳೆದ ಗೆರೆ. ಆಕೆ ಅದನ್ನೂ ಬೇರೆ ಬೇರೆ ಅಗಲದಲ್ಲಿ ಓಡಿಸಿ ನೋಡಿದ್ದರು. ಕೊನೆಯ ಪುಟಕ್ಕೆ ಬಂದಾಗ ನನ್ನ ಕೈಯಲ್ಲಿ ಒಂದು ಬಿಟ್ಟುಹೋದ ಅಲ್ಪವಿರಾಮ ಮಾತ್ರ ಇತ್ತು.

ಪಾಠ ಮುಗಿಸಿ ಬಂದ ಆಕೆ ಮೇಜಿನ ಆಚೆ ನಿಂತರು. ಕಾಯಂ ಜಾಗ ಮುಂದೆಂದು ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಆಕೆ ಈಗಲೂ ತಾಸಿನ ಲೆಕ್ಕದವರೇ. ಆದರೆ ಈ ಸೋಮವಾರ ಪ್ರಬಂಧ ಸಲ್ಲಿಸಬಹುದು, ನಾನು ಎರಡು ಮಾತು ಹೇಳಿದರೆ.

“ಏನೂ ಸಿಗಲಿಲ್ಲೇನ್ರಿ?”

“ಖೋಡ ಇಲ್ಲ.”

ಆಕೆಯ ಮುಖ ಅರಳಲಿಲ್ಲ. ಚಿತ್ರದ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು, ನಾನು ಯಾವಾಗಲೂ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡಿದರು.

“ಇನ್ನೊಮ್ಮೆ ನೋಡ್ರಿ ಸರ್. ಈ ಸಲ ನನಗೂ ಏನೂ ಕಾಣವಲ್ದು.”

ಆಕೆ ಕುರ್ಚಿ ಎಳೆದುಕೊಂಡು ಕೂತರು. ನಾನು ಕನ್ನಡಕ ಒರೆಸಿಕೊಂಡು ಮೊದಲ ಪುಟ ತೆಗೆದೆ.